ಮುತ್ತಿನ ಒಡವೆಗಳನ್ನು ಮನೆಯಲ್ಲಿ ಜೋಪಾನವಾಗಿ ಜೋಡಿಸಿಡುವುದು ಹೇಗೆ

ಚಿನ್ನದ ಸರವನ್ನು ಡಬ್ಬಿಗೆ ಹಾಕಿ ಹತ್ತು ವರ್ಷ ಮರೆತರೂ ಅದು ಹಾಗೇ ಇರುತ್ತದೆ. ಮುತ್ತು ಹಾಗಲ್ಲ. ಅದು ನೆಲದಿಂದ ಅಗೆದ ಕಲ್ಲಲ್ಲ, ಚಿಪ್ಪಿನೊಳಗಿನ ಜೀವಿ ಕಟ್ಟಿದ ವಸ್ತು. ಅರಗೊನೈಟ್ ಎಂಬ ಸುಣ್ಣದ ಹರಳುಗಳು ಪದರ ಪದರವಾಗಿ ಕೂತಿರುತ್ತವೆ, ಕಾಂಕಿಯೋಲಿನ್ ಎಂಬ ಪ್ರೋಟೀನು ಅವನ್ನು ಅಂಟಿನಂತೆ ಹಿಡಿದಿರುತ್ತದೆ, ನಡುವೆ ಶೇಕಡಾ 2ರಿಂದ 4ರಷ್ಟು ನೀರೂ ಇರುತ್ತದೆ. ಸುಣ್ಣವಾದ್ದರಿಂದ ಆಮ್ಲ ತಾಗಿದರೆ ಸವೆಯುತ್ತದೆ, ನೀರಿನಂಶವಿರುವುದರಿಂದ ತೀರಾ ಒಣಗಿದರೆ ಬಿರಿಯುತ್ತದೆ, ಮೆತ್ತಗಿರುವುದರಿಂದ ಪಕ್ಕದ ಒಡವೆ ತಾಗಿದರೂ ಗೀರು ಬೀಳುತ್ತದೆ. ಎಲ್ಲಿಡಬೇಕು, ಯಾವುದರಲ್ಲಿಡಬೇಕು ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಈ ಮೂರು ಗುಣಗಳಲ್ಲೇ ಇದೆ.

ಮೊದಲು ಎಲ್ಲವನ್ನೂ ಹೊರತೆಗೆಯಿರಿ

ಮೇಜಿನ ಮೇಲೆ ಬಿಳಿ ಹತ್ತಿ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಹಾಸಿ. ಬೆಳಕು ಚೆನ್ನಾಗಿರಲಿ, ನೇರ ಬಿಸಿಲು ಬೇಡ. ಬರಿಯ ಮೇಜಿನ ಮೇಲೆ ಮುತ್ತು ಉರುಳುತ್ತದೆ, ಸಣ್ಣ ಓಲೆಯೊಂದು ಕೆಳಗೆ ಬಿದ್ದರೆ ಹುಡುಕುವುದೇ ಕೆಲಸವಾಗುತ್ತದೆ. ನಂತರ ಬಣ್ಣ, ಬೆಲೆ ನೋಡದೆ, ಮಾಡಿದ ರೀತಿ ನೋಡಿ ಬೇರ್ಪಡಿಸಿ. ದಾರದಲ್ಲಿ ಪೋಣಿಸಿದ ಸರ, ಕೈಸರಗಳು ಒಂದು ಗುಂಪು. ಲೋಹದ ಕಡ್ಡಿಗೆ ಅಂಟಿನಿಂದ ಕೂರಿಸಿದ ಓಲೆ, ಉಂಗುರ, ಪದಕಗಳು ಇನ್ನೊಂದು. ಗಾಢ ಬಣ್ಣ ಹಾಕಿದ ಮುತ್ತುಗಳನ್ನು ಬಿಳಿಯವುಗಳಿಂದ ಬೇರೆ ಇಡಿ, ತೇವ ತಗುಲಿದರೆ ಬಣ್ಣ ಬಿಡಬಹುದು.

ನಕಲಿ ಮುತ್ತುಗಳದ್ದೂ ಪ್ರತ್ಯೇಕ ಗುಂಪಾಗಲಿ. ಗಾಜು ಅಥವಾ ಪ್ಲಾಸ್ಟಿಕ್ ಮಣಿಯ ಮೇಲಿನ ಲೇಪ ಉಜ್ಜಾಟಕ್ಕೆ ಸುಲಿಯುತ್ತದೆ, ಮೊದಲು ಸುಲಿಯುವುದು ದಾರದ ತೂತಿನ ಸುತ್ತ. ಯಾವುದು ಯಾವುದೆಂದು ಗೊತ್ತಾಗದಿದ್ದರೆ ಒಂದೇ ಸರದ ಎರಡು ಮುತ್ತುಗಳನ್ನು ಹಗುರವಾಗಿ ಒಂದಕ್ಕೊಂದು ತಾಗಿಸಿ ಸರಿಸಿ ನೋಡಿ. ನಿಜವಾದ ಮುತ್ತು ಸಣ್ಣ ಮರಳು ತಾಗಿದಂತೆ ತರಿತರಿ ಎನ್ನುತ್ತದೆ, ನಕಲಿ ನುಣ್ಣಗೆ ಜಾರುತ್ತದೆ. ಒಮ್ಮೆ ನೋಡಿದರೆ ಸಾಕು, ಪದೇ ಪದೇ ಉಜ್ಜಬೇಡಿ. ಚಿಪ್ಪು ಸಾಕಿ ಬೆಳೆಸಿದ ಕೃಷಿ ಮುತ್ತೋ ಸಹಜ ಮುತ್ತೋ ಎಂದು ಇದರಿಂದ ತಿಳಿಯುವುದಿಲ್ಲ, ಅದಕ್ಕೆ ಪ್ರಯೋಗಾಲಯದ ಎಕ್ಸ್-ರೇ ಬೇಕು.

ದಾರ ನೋಡದೆ ಒಳಗಿಡಬೇಡಿ

ಸರ ಹಾಳಾಗುವುದು ಬಹುಪಾಲು ಮುತ್ತಿನಿಂದಲ್ಲ, ದಾರದಿಂದ. ಸರವನ್ನು ಬಟ್ಟೆಯ ಮೇಲೆ ಉದ್ದಕ್ಕೆ ಮಲಗಿಸಿ, ಪಕ್ಕಪಕ್ಕದ ಎರಡು ಮುತ್ತುಗಳನ್ನು ಬೆರಳ ತುದಿಯಲ್ಲಿ ಹಿಡಿದು ಮೆಲ್ಲಗೆ ದೂರ ಸರಿಸಿ. ಚೆನ್ನಾಗಿರುವ ಸರದಲ್ಲಿ ಗಂಟು ಎರಡೂ ಬದಿಯ ಮುತ್ತಿಗೆ ಒತ್ತಿಕೊಂಡೇ ಇರುತ್ತದೆ. ಗಂಟಿಗೂ ಮುತ್ತಿಗೂ ನಡುವೆ ಬೋಳು ದಾರ ಕಂಡರೆ ಪೋಣಿಸಿದ ರೇಷ್ಮೆ ದಾರ ಹಿಗ್ಗಿದೆ ಎಂದರ್ಥ. ಗಂಟು ಕಂದು ಬಣ್ಣಕ್ಕೆ ತಿರುಗಿದ್ದರೆ ಬೆವರು, ಎಣ್ಣೆ ಒಳಗಿಳಿದಿದೆ. ಕೊಂಡಿಯ ಎರಡೂ ಬದಿಯ ಮೊದಲ ಎರಡು ಮೂರು ಸೆಂಟಿಮೀಟರನ್ನು ಹೆಚ್ಚು ಗಮನದಿಂದ ನೋಡಿ. ಕೊಂಡಿಯ ಲೋಹದ ಉಂಗುರಕ್ಕೆ ಉಜ್ಜಿ ಉಜ್ಜಿ ದಾರ ನೂಲುನೂಲಾಗುವುದು ಅಲ್ಲೇ, ಹರಿಯುವುದೂ ಬಹಳ ಸಲ ಅಲ್ಲೇ.

ಇಂಥ ಸರವನ್ನು ಪೆಟ್ಟಿಗೆಗೆ ಸೇರಿಸದೆ ಮರುಪೋಣಿಸಲು ಕೊಡಿ. ಆಗಾಗ ಹಾಕುವ ಸರಕ್ಕೆ ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ದಾರ ಬದಲಿಸುವುದು ವಾಡಿಕೆ. ಪ್ರತಿ ಮುತ್ತಿನ ನಡುವೆಯೂ ಗಂಟು ಬೇಕೆಂದು ಒತ್ತಿ ಹೇಳಿ. ಗಂಟಿದ್ದರೆ ಮುತ್ತುಗಳು ಒಂದಕ್ಕೊಂದು ತಿಕ್ಕುವುದಿಲ್ಲ, ದಾರ ಹರಿದರೂ ಇಡೀ ಸರ ಚೆಲ್ಲಾಪಿಲ್ಲಿಯಾಗದೆ ಹೆಚ್ಚೆಂದರೆ ಒಂದು ಮುತ್ತು ಜಾರುತ್ತದೆ.

ಓಲೆ, ಉಂಗುರಗಳ ಪರೀಕ್ಷೆ ಬೇಗ ಮುಗಿಯುತ್ತದೆ: ಮುತ್ತನ್ನು ಬೆರಳಿನಿಂದ ಮುಟ್ಟಿದಾಗ ಅಲುಗಾಡಿದರೆ ಅಂಟು ಸೋತಿದೆ, ಬೇರೆ ಪುಟ್ಟ ಚೀಲದಲ್ಲಿ ಹಾಕಿ ರಿಪೇರಿಗೆಂದು ತೆಗೆದಿಡಿ.

ಒರೆಸುವುದು

ಒಣ ಬಟ್ಟೆಯಿಂದ ಗಟ್ಟಿಯಾಗಿ ಉಜ್ಜಿದರೆ ಕೆಡುಕೇ ಹೆಚ್ಚು. ಮೋಸ್ ಮಾಪಕದಲ್ಲಿ ಮುತ್ತಿನ ಗಡಸುತನ 2.5ರಿಂದ 4.5, ಧೂಳಿನಲ್ಲಿ ಸಾಮಾನ್ಯವಾಗಿರುವ ಕ್ವಾರ್ಟ್ಸ್ ಕಣದ್ದು 7. ಧೂಳಿನ ಮೇಲೆಯೇ ಒತ್ತಿ ಒರೆಸುವುದೆಂದರೆ ಮರಳು ಕಾಗದದಿಂದ ಉಜ್ಜಿದ ಹಾಗೆ. ಮೆತ್ತನೆಯ ಹತ್ತಿ ಬಟ್ಟೆಯನ್ನು ಬರೀ ನೀರಿನಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಪ್ರತಿ ಮುತ್ತನ್ನೂ ಒತ್ತಡವಿಲ್ಲದೆ ಒರೆಸಿ. ಆಮೇಲೆ ಇನ್ನೊಂದು ಒಣ ಬಟ್ಟೆ. ಸರವನ್ನು ನೀರಿನಲ್ಲಿ ಮುಳುಗಿಸಬೇಡಿ, ನೆನೆದ ರೇಷ್ಮೆ ಹಿಗ್ಗುತ್ತದೆ, ಕೊಳೆಯನ್ನು ತೂತಿನೊಳಕ್ಕೆ ಎಳೆದುಕೊಳ್ಳುತ್ತದೆ. ಅಮೋನಿಯಾ, ಬ್ಲೀಚ್, ಬೆಳ್ಳಿ ಪಾಲಿಶ್, ಒಡವೆ ತೊಳೆಯುವ ಅಲ್ಟ್ರಾಸಾನಿಕ್ ಯಂತ್ರ, ಇವು ಯಾವುವೂ ಮುತ್ತಿನ ಹತ್ತಿರ ಬರಬಾರದು. ಒರೆಸಿದ ಮೇಲೆ ರಾತ್ರಿಯಿಡೀ ಬಟ್ಟೆಯ ಮೇಲೆ ಮಲಗಿಸಿಟ್ಟು, ದಾರ ಪೂರ್ತಿ ಒಣಗಿದೆ ಎಂದು ಖಾತ್ರಿಯಾದ ಮೇಲೆಯೇ ಒಳಗಿಡಿ.

ಪೆಟ್ಟಿಗೆಯ ಆಯ್ಕೆ

ಇಲ್ಲಿ ಎಡವುವವರು ಬಹಳ. ನೋಡಲು ಚೆಂದದ ಮರದ ಪೆಟ್ಟಿಗೆಯೇ ಮುತ್ತಿಗೆ ಶತ್ರುವಾಗಬಹುದು. ಓಕ್‌ನಂಥ ಕೆಲವು ಮರಗಳು, ಎಂಡಿಎಫ್ (ಮರದ ನಾರನ್ನು ಅಂಟಿನಿಂದ ಒತ್ತಿ ಮಾಡಿದ ಹಲಗೆ), ಪ್ಲೈವುಡ್, ಕೆಲವು ಅಂಟುಗಳು ಅಸಿಟಿಕ್ ಮತ್ತು ಫಾರ್ಮಿಕ್ ಆಮ್ಲದ ಆವಿಯನ್ನು ಸದ್ದಿಲ್ಲದೆ ಬಿಡುತ್ತಿರುತ್ತವೆ. ಮುಚ್ಚಿದ ಪೆಟ್ಟಿಗೆಯಲ್ಲಿ ಆ ಆವಿ ಸುಣ್ಣದ ವಸ್ತುವಿನ ಜೊತೆ ಸೇರಿ ಮೈಮೇಲೆ ಬಿಳಿ ಪುಡಿ ಏಳಿಸುತ್ತದೆ. ಚಿಪ್ಪು ಸಂಗ್ರಹಿಸುವವರಿಗೆ ಇದು ಹಳೆಯ ತಲೆನೋವು. 1899ರಲ್ಲಿ ಲಾಫ್ಟಸ್ ಬೈನ್ ಎಂಬವರು ಇದರ ಬಗ್ಗೆ ಬರೆದದ್ದರಿಂದ ಇದಕ್ಕೆ ಬೈನ್ ರೋಗ ಎಂದೇ ಹೆಸರು. ಬ್ಯಾಕ್ಟೀರಿಯಾದ ಕೈವಾಡವಿದೆ ಎಂದು ಅವರು ತಿಳಿದಿದ್ದರು, ಕಾರಣ ಆಮ್ಲದ ಆವಿ ಎಂಬುದು ಆಮೇಲೆ ಸ್ಪಷ್ಟವಾಯಿತು. ಮುತ್ತಿನ ಮೈಯೂ ಚಿಪ್ಪಿನದೇ ಜಾತಿ.

ಪೆಟ್ಟಿಗೆ ಸರಿಯಿದೆಯೇ ಎಂದು ಮೊದಲು ಮೂಗಿನಿಂದಲೇ ಪರೀಕ್ಷಿಸಿ. ಖಾಲಿ ಪೆಟ್ಟಿಗೆಯನ್ನು ಎರಡು ದಿನ ಮುಚ್ಚಿಟ್ಟು, ಆಮೇಲೆ ಮುಚ್ಚಳ ತೆಗೆದ ಕೂಡಲೇ ಮೂಸಿ ನೋಡಿ. ವಿನೆಗರ್‌ನಂತೆ ಹುಳಿ ವಾಸನೆಯೋ, ಹೊಸ ಅಂಟಿನ, ಬಣ್ಣದ ಘಾಟೋ ಬಂದರೆ ಅದು ಮುತ್ತಿಗೆ ಆಗುವುದಿಲ್ಲ. ಲೋಹದ ಅಥವಾ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್‌ನ ಟ್ರೇ, ಅದರೊಳಗೆ ತೊಳೆದು ಒಣಗಿಸಿದ ಬಿಳಿ ಹತ್ತಿ ಬಟ್ಟೆ: ಇಷ್ಟಿದ್ದರೆ ಸಾಕು. ಪಿವಿಸಿ ಪೌಚು, ರಬ್ಬರು, ಫೋಮು, ಹಳೆಯ ಪತ್ರಿಕೆ ಬೇಡ. ರಬ್ಬರಿನ ಗಂಧಕ ಬೆಳ್ಳಿಯ ಕೊಂಡಿಯನ್ನು ಕಪ್ಪಾಗಿಸುತ್ತದೆ, ಪತ್ರಿಕೆಯ ಕಾಗದದಲ್ಲಿ ಆಮ್ಲವಿರುತ್ತದೆ. ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡುವುದಿಲ್ಲ, ಒಳಗೆ ಸಿಕ್ಕ ಬೆವರಿನ ತೇವ ಅಲ್ಲೇ ಕೂರುತ್ತದೆ. ಬೆಳ್ಳಿಗೆಂದು ಹಾಕುವ ಸಿಲಿಕಾ ಜೆಲ್ ಪೊಟ್ಟಣವನ್ನು ಮುತ್ತಿನ ಜೊತೆ ಇಡಬೇಡಿ, ಅದರ ಕೆಲಸವೇ ನೀರು ಹೀರುವುದು. ನುಸಿಗುಳಿಗೆ ಇರುವ ಕಪಾಟೂ ಬೇಡ.

ಮಲಗಿಸುವ ಕ್ರಮ

ಸರವನ್ನು ಕೊಕ್ಕೆಗೆ ನೇತುಹಾಕುವುದು ಅಂಗಡಿಯ ಪ್ರದರ್ಶನಕ್ಕೆ ಸರಿ, ಮನೆಗಲ್ಲ. ಮುತ್ತುಗಳ ಭಾರಕ್ಕೇ ರೇಷ್ಮೆ ದಿನದಿನಕ್ಕೂ ಹಿಗ್ಗುತ್ತದೆ. ಯಾವಾಗಲೂ ಅಡ್ಡಲಾಗಿ ಮಲಗಿಸಿ. 45 ಸೆಂಟಿಮೀಟರ್ ಉದ್ದದ, 7 ಮಿಲಿಮೀಟರ್ ಮುತ್ತುಗಳ ಸರವೊಂದು ಸುಮಾರು 15 ಸೆಂಟಿಮೀಟರ್ ಚೌಕದ ಖಾನೆಯಲ್ಲಿ ಅಗಲವಾದ ಸುತ್ತಾಗಿ ಆರಾಮವಾಗಿ ಕೂರುತ್ತದೆ. ಚಿಕ್ಕ ಡಬ್ಬಿಗೆ ಬಗ್ಗಿಸಿ ತುರುಕಿದರೆ ಗಂಟುಗಳ ಬಳಿ ದಾರ ಮಡಿಸಿ ಸೋಲುತ್ತದೆ.

ಮೊದಲು ಕೊಂಡಿ ಹಾಕಿ, ಕೊಂಡಿಯ ಸುತ್ತ ಬೆರಳಗಲದ ಬಟ್ಟೆಪಟ್ಟಿ ಸುತ್ತಿ. ಆ ಲೋಹ ತನ್ನ ಸರದ ಮುತ್ತನ್ನೇ ಗೀರುವುದು ತಪ್ಪುತ್ತದೆ. ಎರಡು ಮೂರು ಎಳೆಯ ಹಾರವಾದರೆ ಎಳೆಗಳನ್ನು ಪಕ್ಕಪಕ್ಕಕ್ಕೆ ಜೋಡಿಸಿ, ಮೂರು ಕಡೆ ಮೆತ್ತನೆಯ ಬಟ್ಟೆಯ ಟೇಪಿನಿಂದ ಸಡಿಲವಾಗಿ ಕಟ್ಟಿ. ತೆಗೆಯುವಾಗ ಸಿಕ್ಕು ಬಿಡಿಸಲು ಎಳೆದಾಡುವ ಪ್ರಸಂಗವೇ ಬರುವುದಿಲ್ಲ. ಓಲೆಗಳಿಗೆ 4 ಸೆಂಟಿಮೀಟರ್ ಚೌಕದ ಖಾನೆ ಸಾಕು, ಆದರೆ ಜೋಡಿಯ ಎರಡು ಓಲೆಗಳ ನಡುವೆಯೂ ಬಟ್ಟೆಯ ಮಡಿಕೆ ಇರಲಿ. ವಜ್ರ, ಮಾಣಿಕ್ಯ ಕೂರಿಸಿದ ಮುತ್ತಿನ ಒಡವೆಯನ್ನು ಅದರದ್ದೇ ಬಟ್ಟೆಚೀಲದಲ್ಲಿ ಹಾಕಿ ಇಡಿ.

ಟ್ರೇಗಳನ್ನು ಒಂದರ ಮೇಲೊಂದು ಪೇರಿಸುವುದಾದರೆ ದಿನ ಬಳಸುವವು ಮೇಲೆ, ಅಪರೂಪದವು ಕೆಳಗೆ. ಮೇಲಿನ ಟ್ರೇಯ ತಳ ಕೆಳಗಿನ ಮುತ್ತಿಗೆ ತಾಗದಂತೆ ಒಂದೆರಡು ಸೆಂಟಿಮೀಟರ್ ಜಾಗ ಇರಬೇಕು.

ಜಾಗ, ತೇವ, ಲಾಕರ್

ಕಿಟಕಿ, ಒಲೆ, ಟಿವಿ ಅಥವಾ ಹೀಟರ್ ಪಕ್ಕ, ಬಚ್ಚಲುಮನೆ, ಇವನ್ನು ಬಿಟ್ಟು ತಂಪಾದ ಕೋಣೆಯ ಕಪಾಟಿನ ನಡುವಿನ ಅರೆ ಆರಿಸಿಕೊಳ್ಳಿ. ಗಾಳಿಯ ತೇವ ಶೇಕಡಾ 45ರಿಂದ 55ರ ಆಸುಪಾಸಿನಲ್ಲಿದ್ದರೆ ಒಳ್ಳೆಯದು, ಸಣ್ಣ ತೇವಮಾಪಕವೊಂದನ್ನು ಕಪಾಟಿನಲ್ಲೇ ಇಡಬಹುದು. ತೇವ ಬಹಳ ಏರಿದರೆ ಮುತ್ತಿಗಿಂತ ಮೊದಲು ದಾರಕ್ಕೆ ಬೂಷ್ಟು ಹಿಡಿಯುತ್ತದೆ.

ಉಕ್ಕಿನ ತಿಜೋರಿ, ಬ್ಯಾಂಕ್ ಲಾಕರ್‌ಗಳ ತೊಂದರೆ ತಿರುಗುಮುರುಗು: ಒಳಗಿನ ಗಾಳಿ ತೀರಾ ಒಣಗಿರಬಹುದು. ಮನೆಯ ತಿಜೋರಿಯ ಮೂಲೆಯಲ್ಲಿ ಅಗಲ ಬಾಯಿಯ, ಉರುಳದ ಪುಟ್ಟ ಬಟ್ಟಲಲ್ಲಿ ನೀರಿಡಿ, ತೇವಮಾಪಕ 55 ದಾಟಿದರೆ ತೆಗೆಯಿರಿ. ಲಾಕರ್‌ನಲ್ಲಿ ಅದು ಆಗದ ಮಾತು. ಅಲ್ಲಿ ಬಟ್ಟೆಯಲ್ಲಿ ಸುತ್ತಿಟ್ಟು, ಮೂರು ನಾಲ್ಕು ತಿಂಗಳಿಗೊಮ್ಮೆ ಹೊರತೆಗೆದು ಒಂದೆರಡು ದಿನ ಹಾಕಿಕೊಳ್ಳಿ, ಒರೆಸಿ ಮತ್ತೆ ಇಡಿ. ವರ್ಷಗಟ್ಟಲೆ ಮುಟ್ಟದೆ ಬಿಟ್ಟರೆ ದಾರ ಸೋತದ್ದೂ ಮುತ್ತು ಬಿರಿದದ್ದೂ ಗೊತ್ತಾಗುವುದು ಹಾಕಿಕೊಳ್ಳಲು ಕೈಗೆತ್ತಿಕೊಂಡ ದಿನವೇ.

ಚೀಟಿ ಮತ್ತು ಪುಸ್ತಕ

ಪ್ರತಿ ಒಡವೆಗೂ ಒಂದು ಸಂಖ್ಯೆ ಕೊಟ್ಟು, ಬಟ್ಟೆಯ ಪಟ್ಟಿಯ ಮೇಲೆ ಪೆನ್ಸಿಲ್‌ನಲ್ಲಿ ಬರೆದು ಚೀಲಕ್ಕೆ ಹೊಲಿಯಿರಿ. ಶಾಯಿ ತೇವಕ್ಕೆ ಹರಡುತ್ತದೆ. ಅಂಟುಚೀಟಿಯನ್ನು ಮುತ್ತಿಗಾಗಲಿ ದಾರಕ್ಕಾಗಲಿ ಹಚ್ಚಬೇಡಿ. ಪುಸ್ತಕದಲ್ಲಿ ಅದೇ ಸಂಖ್ಯೆಯ ಮುಂದೆ ಸರದ ಉದ್ದ, ಮುತ್ತುಗಳ ಎಣಿಕೆ, ಅತಿ ಚಿಕ್ಕ ಮತ್ತು ಅತಿ ದೊಡ್ಡ ಮುತ್ತಿನ ಅಳತೆ, ಸಿಹಿನೀರಿನದೋ ಸಮುದ್ರದ್ದೋ ಎಂಬುದು, ಕೊನೆಯ ಸಲ ದಾರ ಬದಲಿಸಿದ ತಿಂಗಳು ಬರೆದಿಡಿ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೊ ತೆಗೆಯಿರಿ. ಮರುಪೋಣಿಸಲು ಕೊಡುವ ಮುನ್ನ, ವಾಪಸು ಪಡೆದ ಮೇಲೆ ಎರಡು ಸಲವೂ ಎಣಿಸಿ. ಗಂಟುಗಳ ಬಿಗಿತದಿಂದ ಉದ್ದ ಒಂದಿಷ್ಟು ಬದಲಾಗಬಹುದು, ಎಣಿಕೆ ಬದಲಾಗಬಾರದು.

ಇಷ್ಟೆಲ್ಲ ಮಾಡಿದರೂ ಎಂದಾದರೂ ಸರ ಹರಿದರೆ, ದಾರವನ್ನು ಹಾಗೇ ಗಂಟು ಹಾಕಿ ಜೋಡಿಸಲು ಹೋಗಬೇಡಿ. ಟವೆಲೊಂದನ್ನು ನಿರಿಗೆಯಾಗಿ ಮಡಿಸಿ, ನಿರಿಗೆಯ ನಡುವಿನ ಕಾಲುವೆಯಲ್ಲಿ ಮುತ್ತುಗಳನ್ನು ಇದ್ದ ಕ್ರಮದಲ್ಲೇ ಸಾಲಾಗಿ ಇಡಿ. ನಡುವೆ ದೊಡ್ಡದು, ಎರಡೂ ತುದಿಗೆ ಬರುಬರುತ್ತ ಚಿಕ್ಕದಾಗುವ ಸರಗಳಲ್ಲಿ ಈ ಕ್ರಮವೇ ಮುಖ್ಯ. ಪುಸ್ತಕದ ಎಣಿಕೆಗೆ ತಾಳೆ ನೋಡಿ, ಒಂದು ಕಡಿಮೆ ಬಂದರೆ ಕೋಣೆ ಗುಡಿಸುವ ಮೊದಲೇ ಹುಡುಕಿ.