ದಣಿದು ಬಂದ ಸಂಜೆಗೆ ಮಸ್ಸೊಪ್ಪು: ಮಸೆಯುವ ಮುನ್ನ ಕಟ್ಟು ಬಸಿಯಿರಿ

ಕೆಲಸ ಮುಗಿಸಿ ರಾತ್ರಿ ಎಂಟರ ಹೊತ್ತಿಗೆ ಮನೆ ಸೇರುವವರಲ್ಲಿ ಹೆಚ್ಚಿನವರು ಸೊಪ್ಪಿನ ಅಡುಗೆಯೆಂದರೆ ಹಿಂಜರಿಯುತ್ತಾರೆ. ಆದರೆ ಹಾಸನ, ಮಂಡ್ಯ, ತುಮಕೂರಿನ ಕಡೆ ಮುದ್ದೆಯ ಜೊತೆಗೆ ಮಾಡುವ ಮಸ್ಸೊಪ್ಪಿಗೆ ಮಸಾಲೆ ರುಬ್ಬಬೇಕಿಲ್ಲ, ತೆಂಗಿನಕಾಯಿ ತುರಿಯಬೇಕಿಲ್ಲ. ಬೇಳೆ, ಸೊಪ್ಪು ಎರಡೂ ಒಂದೇ ಪಾತ್ರೆಯಲ್ಲಿ ಬೇಯುತ್ತವೆ. ಸೊಪ್ಪು ಬಿಡಿಸಿಟ್ಟಿದ್ದರೆ ಒಂದು ಗಂಟೆಯೊಳಗೆ ಊಟಕ್ಕೆ ಕೂರಬಹುದು. ಹಲವರ ಅಡುಗೆಮನೆಯಲ್ಲಿ ನಾನು ಕಂಡಂತೆ ಇದು ಕೆಡುವುದು ಸಮಯ ಸಾಲದೆ ಅಲ್ಲ, ಮಸೆಯುವ ಹಂತದಲ್ಲಿ.

ನಾಲ್ವರಿಗೆ ಮುಕ್ಕಾಲು ಲೋಟ ತೊಗರಿಬೇಳೆ, ಎರಡು ಕಟ್ಟು ಸೊಪ್ಪು, ಒಂದು ಈರುಳ್ಳಿ, ಎರಡು ಟೊಮೆಟೊ, ಐದಾರು ಹಸಿಮೆಣಸಿನಕಾಯಿ, ಹತ್ತು ಎಸಳು ಬೆಳ್ಳುಳ್ಳಿ ಮತ್ತು ಗೋಲಿ ಗಾತ್ರದ ಹುಣಸೆಹಣ್ಣು ಸಾಕು. ಸೊಪ್ಪಿನಲ್ಲಿ ದಂಟು ಮತ್ತು ಪಾಲಕ್ ಸಮಸಮ ಇರಲಿ, ಘಮಕ್ಕೆ ಒಂದು ಹಿಡಿ ಸಬ್ಬಸಿಗೆ ಸೇರಲಿ. ಮೆಂತ್ಯ ಒಂದು ಹಿಡಿಯನ್ನು ಮೀರಿದರೆ ಕಹಿ ಮೇಲೇಳುತ್ತದೆ. ಸಂತೆಯಲ್ಲಿ ಬೆರಕೆ ಸೊಪ್ಪು ಸಿಕ್ಕರೆ ಬೇರೇನನ್ನೂ ನೋಡದೆ ಅದನ್ನೇ ತನ್ನಿ. ಹೆಚ್ಚಿಟ್ಟು ಮಾರುವ ಸೊಪ್ಪಿನ ಪೊಟ್ಟಣವನ್ನು ಮಾತ್ರ ಕೊಳ್ಳಬೇಡಿ. ಕತ್ತರಿಸಿದ ಅಂಚಿನಿಂದಲೇ ಅದು ಕೊಳೆಯತೊಡಗಿರುತ್ತದೆ. ಭಾನುವಾರ ಬಿಡಿಸಿ, ತೊಳೆಯದೆ ಹತ್ತಿಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿಟ್ಟ ಸೊಪ್ಪು ಮಂಗಳವಾರದವರೆಗೆ ಚೆನ್ನಾಗಿಯೇ ಇರುತ್ತದೆ.

ಮನೆಗೆ ಬಂದ ಕೂಡಲೇ ಬೇಳೆಯನ್ನು ತೊಳೆದು ಬಿಸಿನೀರಿನಲ್ಲಿ ನೆನೆಹಾಕಿ, ಆಮೇಲೆ ಕೈಕಾಲು ತೊಳೆಯಿರಿ. ಅಷ್ಟೂ ಪುರುಸೊತ್ತಿಲ್ಲವೆಂದರೆ ಹೆಸರುಬೇಳೆ ಬಳಸಬಹುದು. ಬೇಗ ಬೇಯುತ್ತದೆ, ಆದರೆ ಮಸ್ಸೊಪ್ಪಿನ ರುಚಿ ಬರುವುದು ತೊಗರಿಬೇಳೆಯಿಂದಲೇ. ಇಪ್ಪತ್ತು ನಿಮಿಷದ ನಂತರ ಎರಡೂವರೆ ಲೋಟ ನೀರು, ಚಿಟಿಕೆ ಅರಿಶಿನ, ಒಂದು ಹನಿ ಎಣ್ಣೆ ಹಾಕಿ ಕುಕ್ಕರಿನಲ್ಲಿ ಮೂರು ಸೀಟಿ ಕೂಗಿಸಿ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಬೇಳೆ ಬೇಗ ಬೇಯುವುದಿಲ್ಲ. ಈ ಕೆಲಸಕ್ಕೆ ಕುಡಿಯುವ ನೀರನ್ನೇ ಬಳಸಿ. ಸಮಯ ಉಳಿಸಲೆಂದು ಹುಣಸೆಹಣ್ಣು, ಟೊಮೆಟೊಗಳನ್ನು ಬೇಳೆಯ ಜೊತೆಗೇ ಕುಕ್ಕರಿಗೆ ಹಾಕುವವರಿದ್ದಾರೆ. ಹುಳಿಯಲ್ಲಿ ಬೇಳೆ ಮೆತ್ತಗಾಗುವುದಿಲ್ಲ, ಮತ್ತೆ ಎರಡು ಸೀಟಿ ಕೂಗಿಸಬೇಕಾಗುತ್ತದೆ, ಉಳಿಸಿದ ಸಮಯ ಅಲ್ಲಿಗೇ ಹೋಗುತ್ತದೆ.

ಸೊಪ್ಪನ್ನು ಅಗಲ ಪಾತ್ರೆಯಲ್ಲಿ ಮೂರು ಸಲ ತೊಳೆಯಬೇಕು. ಪ್ರತಿ ಸಲವೂ ಸೊಪ್ಪನ್ನು ಕೈಯಿಂದ ಮೇಲೆತ್ತಿ, ಮರಳು ಕೂತ ನೀರನ್ನು ಚೆಲ್ಲಿ. ಪಾತ್ರೆಯನ್ನು ಬಗ್ಗಿಸಿ ಬಸಿದರೆ ಮರಳೆಲ್ಲ ಮತ್ತೆ ಸೊಪ್ಪಿಗೇ ಸೇರುತ್ತದೆ. ತೊಳೆದ ನಂತರವೇ ಹೆಚ್ಚಬೇಕು. ಕುಕ್ಕರಿನ ಮುಚ್ಚಳ ತೆರೆದು ಮೊದಲು ಈರುಳ್ಳಿ, ಟೊಮೆಟೊ, ಬೆಳ್ಳುಳ್ಳಿ, ಸೀಳದ ಇಡೀ ಹಸಿಮೆಣಸಿನಕಾಯಿ ಮತ್ತು ದಂಟಿನ ಕಡ್ಡಿಗಳನ್ನು ಬೇಳೆಗೆ ಹಾಕಿ ನಾಲ್ಕು ನಿಮಿಷ ಕುದಿಸಿ, ಆಮೇಲೆ ಎಲೆಗಳನ್ನು ಹಾಕಿ ಮುಚ್ಚದೆ ಐದು ನಿಮಿಷ ಬೇಯಿಸಿ. ಮುಚ್ಚಿಟ್ಟರೆ ಹಸಿರು ಕಂದುತ್ತದೆ.

ಇನ್ನು ಮಸೆಯುವುದು. ಕಳೆದ ತಿಂಗಳು ಗೆಳತಿಯೊಬ್ಬಳು ನನ್ನೆದುರಿಗೇ ಕುದಿಯುವ ಪಾತ್ರೆಗೆ ನೇರವಾಗಿ ಕಡೆಗೋಲು ಇಳಿಸಿದಳು. ನೀರಿನಲ್ಲಿ ಎಲೆಗಳು ತೇಲಿದವು, ಮೆಣಸಿನಕಾಯಿ ಜಾರಿ ಜಾರಿ ತಪ್ಪಿಸಿಕೊಂಡಿತು, ಬೇಳೆ ತಳಕ್ಕಿಳಿಯಿತು. ಐದು ನಿಮಿಷ ಒದ್ದಾಡಿ ಸೋತು ಅವಳು ಎಲ್ಲವನ್ನೂ ಮಿಕ್ಸಿಗೆ ಸುರಿದಳು. ಬಂದದ್ದು ನೊರೆಯೆದ್ದ, ಅಂಟಂಟಾದ ಹಸಿರು ಗಂಜಿ. ಬಿಸಿ ಸಾರನ್ನು ಮಿಕ್ಸಿಗೆ ಹಾಕುವುದು ಅಪಾಯವೂ ಹೌದು, ಆವಿಯ ಒತ್ತಡಕ್ಕೆ ಮುಚ್ಚಳ ಹಾರಿ ಮೈಸುಟ್ಟುಕೊಳ್ಳಬಹುದು. ಮಿಕ್ಸಿಯ ಅಲಗು ಸೊಪ್ಪನ್ನು ಕತ್ತರಿಸುತ್ತದೆ. ಮಸ್ಸೊಪ್ಪಿಗೆ ಬೇಕಾದದ್ದು ಎಲೆ ನಲುಗಿ ಬೇಳೆಯೊಳಗೆ ಬೆರೆಯುವುದು.

ಆದ್ದರಿಂದ ಮೊದಲು ಕಟ್ಟು, ಅಂದರೆ ಬೇಳೆ-ಸೊಪ್ಪು ಬೆಂದ ನೀರು, ಬಸಿಯಿರಿ. ತೂತಿನ ಪಾತ್ರೆಯಲ್ಲಿ ಸೋಸಿ, ಇಳಿದ ನೀರನ್ನು ಬೇರೆ ಪಾತ್ರೆಯಲ್ಲಿ ಜೋಪಾನವಾಗಿಡಿ. ಸಾರಿನ ಸತ್ವ ಅದರಲ್ಲೂ ಇದೆ, ಚೆಲ್ಲಬಾರದು. ಉಳಿದ ಗಟ್ಟಿಯನ್ನು ದಪ್ಪ ತಳದ ಪಾತ್ರೆಗೆ ಹಾಕಿ, ಮೆಣಸಿನಕಾಯಿ ಮತ್ತು ಬೆಳ್ಳುಳ್ಳಿಯನ್ನು ಹುಡುಕಿ ಒಂದು ಪಕ್ಕಕ್ಕೆ ಸರಿಸಿ, ಅವುಗಳ ಮೇಲೆ ಒಂದು ಚಮಚ ಕಲ್ಲುಪ್ಪು ಹಾಕಿ ಮೊದಲು ಅಷ್ಟನ್ನೇ ಮಸೆಯಿರಿ. ಉಪ್ಪಿನ ಹರಳುಗಳಿಗೆ ಸಿಕ್ಕಿ ಮೆಣಸಿನ ಸಿಪ್ಪೆ ಹರಿಯುತ್ತದೆ, ಖಾರ ಎಲ್ಲೆಡೆ ಸಮನಾಗಿ ಹರಡುತ್ತದೆ. ನಂತರ ಎಲ್ಲವನ್ನೂ ಒಟ್ಟುಗೂಡಿಸಿ, ಕೋಲನ್ನು ತಳಕ್ಕೆ ಒತ್ತಿ ಸ್ವಲ್ಪ ತಿರುಗಿಸುತ್ತಾ ಮೂರು ನಿಮಿಷ ಮಸೆಯಿರಿ. ಸುಮ್ಮನೆ ಕುಟ್ಟಿದರೆ ಸೊಪ್ಪು ಚಪ್ಪಟೆಯಾಗುತ್ತದೆಯೇ ಹೊರತು ನಲುಗುವುದಿಲ್ಲ. ಸೌಟಿನಲ್ಲಿ ಎತ್ತಿ ಬಿಟ್ಟಾಗ ಬೇಳೆಯ ಕಾಳು ಬೇರೆಯಾಗಿ ಕಾಣದೆ, ಎಲೆಯ ನಾರು ಅಲ್ಲಲ್ಲಿ ಕಾಣುತ್ತಾ ಮುದ್ದೆಯಾಗಿ ಬಿದ್ದರೆ ಹದ ಬಂದಿದೆ. ಈಗ ಕಟ್ಟನ್ನು ಒಂದೊಂದೇ ಸೌಟಿನಂತೆ ಬೆರೆಸಿ, ಹುಣಸೆರಸ ಹಿಂಡಿ ಒಂದು ಕುದಿ ಬರಿಸಿ. ಸೀಸೆಯಲ್ಲಿ ಬರುವ ಹುಣಸೆ ಪೇಸ್ಟಿನಲ್ಲಿ ಉಪ್ಪೂ ಸೇರಿರುವುದುಂಟು, ಸಾರಿನ ಉಪ್ಪಿನ ಅಳತೆ ತಪ್ಪುತ್ತದೆ. ಹಣ್ಣನ್ನೇ ನೆನೆಸಿ ಹಿಂಡಿ.

ಎರಡು ಚಮಚ ಎಣ್ಣೆಯಲ್ಲಿ ಸಾಸಿವೆ, ಜಜ್ಜಿದ ಬೆಳ್ಳುಳ್ಳಿ, ಬ್ಯಾಡಗಿ ಮೆಣಸಿನಕಾಯಿ, ಇಂಗಿನ ಒಗ್ಗರಣೆ ಕೊಡಿ.

ಬಿಸಿ ರಾಗಿಮುದ್ದೆ ಇದಕ್ಕೆ ಸರಿಯಾದ ಜೋಡಿ. ಮುದ್ದೆ ತಿರುವಲು ಕೈಲಾಗದ ದಿನ ಅನ್ನವೂ ಆದೀತು. ತಟ್ಟೆಗೆ ಬಡಿಸಿದ ಮೇಲೆ ನಾಲ್ಕು ಹನಿ ನಿಂಬೆರಸ ಹಿಂಡಿಕೊಳ್ಳಿ, ಅದರ ಸಿ ಜೀವಸತ್ವದಿಂದ ಸೊಪ್ಪಿನ ಕಬ್ಬಿಣಾಂಶ ಮೈಗೆ ಹೆಚ್ಚು ಹತ್ತುತ್ತದೆ. ಉಳಿದದ್ದನ್ನು ಫ್ರಿಜ್ಜಿನಲ್ಲಿಟ್ಟರೆ ಬೆಳಿಗ್ಗೆ ಗಟ್ಟಿಯಾಗಿರುತ್ತದೆ. ಬೇಕಾದಷ್ಟನ್ನೇ ತೆಗೆದು, ನೀರು ಬೆರೆಸದೆ ಚೆನ್ನಾಗಿ ಬಿಸಿಮಾಡಿದರೆ ಅಕ್ಕಿರೊಟ್ಟಿಯ ಜೊತೆಗೆ ಪಲ್ಯದಂತೆಯೇ ತಿನ್ನಬಹುದು.