ಸ್ಪ್ಯಾನಿಷ್‌ನಲ್ಲಿ ‘ಓನರ್’ ಅನ್ನೋಕೆ ಯಾವ ಪದ ಹಾಕಬೇಕು?

ನಿಘಂಟಿನಲ್ಲಿ ‘ಮಾಲೀಕ’ ಅಂತ ಹುಡುಕಿದರೆ ದ್ವೆನ್ಯೊ, ಪ್ರೊಪ್ಯೆತಾರ್ಯೊ, ತಿತುಲಾರ್, ಆಮೊ ಎಲ್ಲ ಒಟ್ಟಿಗೆ ಸಿಗುತ್ತವೆ. ಆರಿಸುವುದು ಹೇಗೆ?

ಮೊದಲು ‘ದ್ವೆನ್ಯೊ’ ಹಾಕಿ ನೋಡಿ. ನಾಯಿ, ಅಂಗಡಿ, ಸೈಕಲ್, ಬಾರ್, ದಿನದ ಮಾತಿಗೆ ಬರುವ ಯಾವುದಕ್ಕೂ ಇದೇ ಸಾಕು. ಪಾರ್ಕಿನಲ್ಲಿ ನಾಯಿಯೊಂದು ಸುಮ್ನೆ ಓಡಾಡುತ್ತಿದ್ದರೆ ‘ಕ್ಯೆನ್ ಎಸ್ ಎಲ್ ದ್ವೆನ್ಯೊ?’ (ಓನರ್ ಯಾರು?) ಅಂತಲೇ ಕೇಳುತ್ತಾರೆ. ಹೆಂಗಸಾದರೆ ‘ದ್ವೆನ್ಯಾ’.

ಮಾತು ಆಸ್ತಿಪತ್ರದ ಕಡೆ ತಿರುಗಿತೋ, ‘ಪ್ರೊಪ್ಯೆತಾರ್ಯೊ’ಗೆ ಬನ್ನಿ. ಸ್ಪೇನಿನ ಅಪಾರ್ಟ್‌ಮೆಂಟುಗಳಲ್ಲಿ ಲಿಫ್ಟ್ ರಿಪೇರಿಯಿಂದ ಹಿಡಿದು ಮೆಟ್ಟಿಲಿನ ದೀಪದವರೆಗೆ ತೀರ್ಮಾನಿಸುವುದು ‘ಕೊಮುನಿದಾದ್ ದೆ ಪ್ರೊಪ್ಯೆತಾರ್ಯೊಸ್’, ಅಂದರೆ ಫ್ಲ್ಯಾಟ್ ಮಾಲೀಕರ ಸಂಘ. 1960ರಿಂದ ಇದಕ್ಕೊಂದು ಕಾನೂನೇ ಇದೆ. ತಮಾಷೆ ಅಂದರೆ, ಅದೇ ಮಾಲೀಕ ಮನೆ ಬಾಡಿಗೆಗೆ ಕೊಟ್ಟರೆ ಕರಾರಿನಲ್ಲಿ ‘ಅರೆಂದದೋರ್’ ಆಗುತ್ತಾನೆ. ಬಾಡಿಗೆಯವರ ಬಾಯಲ್ಲಿ ಬರೀ ‘ಕಸೇರೊ’. ನಮ್ಮ ‘ಮನೆ ಓನರ್’ ಇದ್ದಾರಲ್ವಾ, ಅವರೇ. ನಲ್ಲಿ ಸೋರುತ್ತಿದೆ ಅಂತ ಗೆಳೆಯರ ಹತ್ತಿರ ಗೊಣಗುವಾಗ ‘ಪ್ರೊಪ್ಯೆತಾರ್ಯೊ’ ಅಂದರೆ ವಕೀಲರ ನೋಟಿಸು ಓದಿದ ಹಾಗಿರುತ್ತದೆ.

ಹೆಸರು ಯಾರದ್ದು ಅನ್ನುವುದೇ ಮುಖ್ಯವಾದಾಗ ‘ತಿತುಲಾರ್’. ಬ್ಯಾಂಕ್ ಖಾತೆ, ಕರೆಂಟ್ ಸಂಪರ್ಕ, ಗಾಡಿಯ ದಾಖಲೆ ಇಲ್ಲೆಲ್ಲ ಇದೇ ನಡೆಯುವುದು. ನಿಮ್ಮ ಖಾತೆಯಿಂದ ಹಣ ತೆಗೆಯಲು ಮಗನಿಗೆ ಅನುಮತಿ ಕೊಟ್ಟಿದ್ದರೆ ಅವನು ‘ಔತೊರಿಸಾದೊ’ ಮಾತ್ರ, ತಿತುಲಾರ್ ನೀವೇ. ಫಾರ್ಮ್ ತುಂಬುವಾಗ ಇದನ್ನು ಎರಡು ಸಲ ನೋಡಿಕೊಳ್ಳಿ. ಗಂಡಸು ಹೆಂಗಸು ಇಬ್ಬರಿಗೂ ಒಂದೇ ರೂಪ.

‘ಆಮೊ’ ಸ್ವಲ್ಪ ಹುಷಾರು. ಆಳು ಮತ್ತು ಧಣಿಯ ವಾಸನೆ ಅದರಲ್ಲಿದೆ. ನಾಯಿಯ ಒಡೆಯನಿಗೆ ಪರವಾಗಿಲ್ಲ, ಹೋಟೆಲ್ ಇಟ್ಟವರಿಗೆ ಬೇಡ. ಹೆಣ್ಣುರೂಪ ‘ಆಮಾ’ ಮಾತ್ರ ‘ಆಮಾ ದೆ ಕಾಸಾ’ದಲ್ಲಿ ಸಲೀಸಾಗಿ ಉಳಿದಿದೆ, ಅಂದರೆ ಗೃಹಿಣಿ. ಅದರ ಮುಂಚೆ ಹೆಣ್ಣುಪದಕ್ಕೆ ಹಾಕುವ ‘ಲಾ’ ಬರುವುದಿಲ್ಲ, ಗಂಡುಪದದ ‘ಎಲ್’ ಹಾಕಿ ‘ಎಲ್ ಆಮಾ’ ಅನ್ನಬೇಕು. ಹಾಗಂತ ಪದ ಗಂಡಾಗುವುದಿಲ್ಲ.

ಕ್ರಿಯಾಪದದಲ್ಲಿ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ‘ನನ್ನ ಹತ್ತಿರ ಕಾರಿದೆ’ ಅನ್ನಲು ‘ತೆಂಗೊ ಉನ್ ಕೋಚೆ’. ‘ತೆಂಗೊ’ ಬದಲು ‘ಪೊಸೇಒ’ ಅಂತ ಹೇಳಿದರೆ ಭಾಷಣದ ಗತ್ತು ಬರುತ್ತದೆ.

ಎಷ್ಟೋ ಸಲ ಮಾಲೀಕ ಅನ್ನುವ ಪದವೇ ಬೇಕಾಗುವುದಿಲ್ಲ. ಕುರ್ಚಿಯ ಮೇಲೆ ಯಾರದೋ ಕೊಡೆ ಉಳಿದಿದ್ದರೆ ‘ದೆ ಕ್ಯೆನ್ ಎಸ್?’ (ಇದು ಯಾರದ್ದು?) ಅನ್ನಿ, ಸಾಕು.