ಜಂಬೂ ಸವಾರಿಯ ಜನಸಂದಣಿಯಿಂದ ಚಿತ್ರ ಕಳುಹಿಸುವ ಬಗೆ: ನನ್ನ ಅನುಭವ

ಮೈಸೂರಿನಲ್ಲಿ ಪತ್ರಿಕೆಗಳಿಗೆ ಚಿತ್ರ ತೆಗೆದುಕೊಡುವುದು ನನ್ನ ವೃತ್ತಿ. ವಿಜಯದಶಮಿಯ ದಿನ 750 ಕಿಲೋ ತೂಕದ ಅಂಬಾರಿಯಲ್ಲಿ ಚಾಮುಂಡೇಶ್ವರಿಯ ಉತ್ಸವಮೂರ್ತಿ ಅರಮನೆಯಿಂದ ಹೊರಟು, ಕೆ.ಆರ್. ವೃತ್ತ ದಾಟಿ, ಸಯ್ಯಾಜಿರಾವ್ ರಸ್ತೆಯ ಮೂಲಕ ಸುಮಾರು 5 ಕಿ.ಮೀ. ದೂರದ ಬನ್ನಿಮಂಟಪದ ಕಡೆಗೆ ಸಾಗುತ್ತಿರುವಾಗಲೇ, ಮೊದಲ ಆವೃತ್ತಿಯ ಪುಟ ಕಟ್ಟುವವರ ಕೈಗೆ ಚಿತ್ರ ಸೇರಿರಬೇಕು. ಆ ಹೊತ್ತಿನಲ್ಲಿ ಆ ರಸ್ತೆಯಲ್ಲಿ ನಿಂತವರ ಮೊಬೈಲ್‌ನಲ್ಲಿ ಡೇಟಾ ಬಹುಮಟ್ಟಿಗೆ ಸತ್ತೇ ಹೋಗಿರುತ್ತದೆ. ಇದನ್ನು ನಿಭಾಯಿಸಲು ನಾನು ವರ್ಷಗಳಿಂದ ರೂಢಿಸಿಕೊಂಡ ಕ್ರಮವನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಕಾರಣ ತಿಳಿದುಕೊಳ್ಳಬೇಕು. ದೇವರಾಜ ಮಾರುಕಟ್ಟೆಯ ಮುಂದೆ ಜೋಳ ಮಾರುವ ಹುಡುಗನೊಬ್ಬ ಒಮ್ಮೆ ನನಗೆ ಫೋನ್ ತೋರಿಸಿ, "ನೋಡಿ ಸಾರ್, ಫುಲ್ ಟವರ್ ಇದೆ, ಆದ್ರೂ ಸುಮ್ನೆ ಸುತ್ತುತ್ತಾ ಇದೆ, ಗಿರಾಕಿ ದುಡ್ಡು ಬಂತೋ ಇಲ್ವೋ ಗೊತ್ತಾಗ್ತಿಲ್ಲ" ಎಂದು ಕೇಳಿದ. ಫೋನಿನ ಮೇಲಿನ ಕಡ್ಡಿಗಳು ಹೇಳುವುದು ಟವರಿನ ತರಂಗ ನಮಗೆ ಎಷ್ಟು ಬಲವಾಗಿ ಮುಟ್ಟುತ್ತಿದೆ ಎಂಬುದನ್ನು ಮಾತ್ರ. ಆ ಟವರಿಗೆ ಎಷ್ಟು ಜನ ಜೋತುಬಿದ್ದಿದ್ದಾರೆ ಎಂಬುದನ್ನು ಅವು ಹೇಳುವುದಿಲ್ಲ. ಸಾಮಾನ್ಯವಾಗಿ ಒಂದು ಟವರ್ ತನ್ನ ಸುತ್ತಲಿನ ಜಾಗವನ್ನು ಮೂರು ದಿಕ್ಕುಗಳಾಗಿ ಹಂಚಿಕೊಂಡಿರುತ್ತದೆ, ಒಂದೊಂದು ದಿಕ್ಕಿಗೂ ಇಂತಿಷ್ಟೇ ತರಂಗಾಂತರ ಇರುತ್ತದೆ, ಮತ್ತು ಆ ದಿಕ್ಕಿನಲ್ಲಿ ನಿಂತ ಎಲ್ಲರೂ ಅದನ್ನೇ ಹಂಚಿಕೊಳ್ಳಬೇಕು. 4ಜಿ ಜಾಲದಲ್ಲಿ ಫೋನು ಟವರಿನ ಗಮನ ಸೆಳೆಯಲು ಕಳುಹಿಸುವ ಮೊದಲ ಸಂಕೇತಗಳು ಒಂದು ಸೆಲ್‌ಗೆ, ಅಂದರೆ ಟವರಿನ ಒಂದು ದಿಕ್ಕಿನ ಪಾಲಿಗೆ, 64 ಮಾತ್ರ. ಸಾವಿರಾರು ಫೋನುಗಳು ಏಕಕಾಲಕ್ಕೆ ಅವನ್ನು ಬಳಸಲು ಹೊರಟಾಗ ಒಂದರ ಮೇಲೊಂದು ಬಿದ್ದು, ಎಲ್ಲವೂ ಮತ್ತೆ ಮತ್ತೆ ಯತ್ನಿಸಿ, ದಟ್ಟಣೆ ಇನ್ನಷ್ಟು ಹೆಚ್ಚುತ್ತದೆ.

ನಮ್ಮಂಥವರಿಗೆ ಇದಕ್ಕಿಂತ ದೊಡ್ಡ ತೊಡಕು ಅಪ್‌ಲೋಡಿನದು. ಟವರ್ ಹತ್ತಾರು ವಾಟ್ ಶಕ್ತಿಯಲ್ಲಿ ತರಂಗ ಹೊರಡಿಸಿದರೆ, ನಮ್ಮ ಕೈಯಲ್ಲಿರುವ ಫೋನಿನ ಗರಿಷ್ಠ ಶಕ್ತಿ ಸಾಮಾನ್ಯವಾಗಿ 0.2 ವಾಟ್. ಸುತ್ತ ಒತ್ತಾಗಿ ನಿಂತ ಜನರ ಮೈಯೇ ಆ ತರಂಗದ ಒಂದು ಭಾಗವನ್ನು ಹೀರಿಕೊಳ್ಳುತ್ತದೆ. ಸಾಲದೆಂಬಂತೆ, 2300 ಮೆಗಾಹರ್ಟ್ಸ್ ಬ್ಯಾಂಡಿನ 4ಜಿಯಲ್ಲೂ 3300 ಮೆಗಾಹರ್ಟ್ಸ್ ಬ್ಯಾಂಡಿನ 5ಜಿಯಲ್ಲೂ ಏರುವ ಮತ್ತು ಇಳಿಯುವ ದತ್ತಾಂಶಗಳು ಒಂದೇ ದಾರಿಯನ್ನು ಸರದಿಯ ಮೇಲೆ ಬಳಸುತ್ತವೆ, ಆ ಸರದಿಯಲ್ಲಿ ಹೆಚ್ಚಿನ ಪಾಲು ಇಳಿಕೆಗೇ ಮೀಸಲು. ಜನ ವಿಡಿಯೊ ನೋಡುವುದೇ ಹೆಚ್ಚೆಂಬ ಲೆಕ್ಕದಲ್ಲಿ ಮಾಡಿದ ಏರ್ಪಾಡು ಅದು. ಆದರೆ ಆನೆ ಕಣ್ಣಿಗೆ ಬಿದ್ದ ಕ್ಷಣದಲ್ಲಿ ರಸ್ತೆಯ ಇಕ್ಕೆಲದವರೂ ವಿಡಿಯೊ ಕಳುಹಿಸಲು ತೊಡಗುತ್ತಾರೆ, ಕಿರಿದಾದ ಕಡೆಗೇ ಎಲ್ಲರೂ ನುಗ್ಗಿದಂತಾಗುತ್ತದೆ.

ಹಾಗಾಗಿ ನನ್ನ ಮೊದಲ ನಿಯಮ, ಕಳುಹಿಸುವ ಕಡತವನ್ನು ಆದಷ್ಟು ಚಿಕ್ಕದಾಗಿಸುವುದು. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರ 6000 ಪಿಕ್ಸೆಲ್ ಅಗಲವಿದ್ದು ಹತ್ತು ಎಂಬಿಯ ಆಸುಪಾಸಿಗೆ ಬರುತ್ತದೆ. ಅದನ್ನು 2000 ಪಿಕ್ಸೆಲ್‌ಗೆ ಇಳಿಸಿದರೆ 200 ಡಿಪಿಐ (ಇಂಚಿಗೆ 200 ಚುಕ್ಕೆ) ಲೆಕ್ಕದಲ್ಲಿ 10 ಇಂಚು ಅಗಲಕ್ಕೆ ಮುದ್ರಿಸಬಹುದು, ಸುದ್ದಿ ಕಾಗದದ ಮೇಲೆ ಅದು ಧಾರಾಳವಾಗಿ ಸಾಕು, ತೂಕವೂ ಅರ್ಧ ಎಂಬಿಯ ಹತ್ತಿರಕ್ಕೆ ಇಳಿಯುತ್ತದೆ. ಈ ಅಳತೆಯನ್ನು ಕ್ಯಾಮೆರಾದಲ್ಲೇ ಮೊದಲೇ ಹೊಂದಿಸಿ, ದೊಡ್ಡ ಕಡತ ಒಂದು ಕಾರ್ಡಿಗೂ ಚಿಕ್ಕದು ಇನ್ನೊಂದಕ್ಕೂ ಬೀಳುವಂತೆ ಮಾಡಿಕೊಂಡಿದ್ದೇನೆ. ಚಿತ್ರದ ಅಡಿಬರಹವನ್ನು ಹಿಂದಿನ ರಾತ್ರಿಯೇ ಬರೆದು ಕ್ಯಾಮೆರಾಗೆ ತುಂಬಿಸಿಟ್ಟಿರುತ್ತೇನೆ, ಗಲಾಟೆಯ ನಡುವೆ ನಿಂತು ಟೈಪಿಸಿದ ಹೆಸರುಗಳಲ್ಲಿ ತಪ್ಪು ನುಸುಳುವುದು ಖಂಡಿತ. ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಲೇಬೇಕಾದರೆ ಫೋಟೊ ಎಂದಲ್ಲದೆ ಡಾಕ್ಯುಮೆಂಟ್ ಎಂದು ಕಳುಹಿಸಬೇಕು, ಇಲ್ಲದಿದ್ದರೆ ಅದು ಚಿತ್ರವನ್ನು ಕುಗ್ಗಿಸಿ ಒಳಗಿನ ಅಡಿಬರಹವನ್ನೂ ಅಳಿಸಿಬಿಡುತ್ತದೆ.

ಎರಡನೆಯದು ನಿಲ್ಲುವ ಜಾಗ. ಮೆರವಣಿಗೆಯ ಹಿಂದಿನ ದಿನ ಸಯ್ಯಾಜಿರಾವ್ ರಸ್ತೆಯಲ್ಲಿ ವೇಗ ಅಳೆದು ನೋಡುವುದರಿಂದ ಪ್ರಯೋಜನವಿಲ್ಲ, ಏಕೆಂದರೆ ಅಂದು ಅಲ್ಲಿ ಆ ಪ್ರಮಾಣದ ಜನರಿರುವುದಿಲ್ಲ. ಅದರ ಬದಲು ನವರಾತ್ರಿಯಲ್ಲಿ ಅರಮನೆಯ ದೀಪ ಹತ್ತಿದ ಹೊತ್ತಿಗೆ ದೊಡ್ಡ ಗಡಿಯಾರದಿಂದ ಚಿಕ್ಕ ಗಡಿಯಾರದವರೆಗೆ ನಡೆದು, ಎರಡು ಬೇರೆ ಬೇರೆ ಕಂಪನಿಗಳ ಸಿಮ್ಮಿನಲ್ಲಿ ಅಷ್ಟೇ ಗಾತ್ರದ ಒಂದು ಚಿತ್ರವನ್ನು ನಿಜವಾಗಿ ಕಳುಹಿಸಿ ನೋಡುತ್ತೇನೆ. ಮುಖ್ಯರಸ್ತೆಯಿಂದ ಧನ್ವಂತರಿ ರಸ್ತೆಯ ಒಳಕ್ಕೆ ಸ್ವಲ್ಪ ದೂರ ಸರಿದರೂ ಫೋನು ಬೇರೊಂದು ಟವರಿನ ಅಥವಾ ಅದೇ ಟವರಿನ ಬೇರೊಂದು ದಿಕ್ಕಿನ ಪಾಲಿಗೆ ಬೀಳುತ್ತದೆ, ಅಲ್ಲಿ ಹಂಚಿಕೊಳ್ಳುವವರು ಕಡಿಮೆ. ಫೋನನ್ನು ತಾನಾಗಿ 4ಜಿ-5ಜಿ ನಡುವೆ ಓಲಾಡಲು ಬಿಡದೆ, ಆ ಜಾಗದಲ್ಲಿ ಯಾವುದು ನಡೆಯಿತೋ ಅದಕ್ಕೇ ಕಟ್ಟಿಹಾಕುತ್ತೇನೆ. ಫೋಟೊಗಳ ಬ್ಯಾಕಪ್, ಆ್ಯಪ್‌ಗಳ ಅಪ್‌ಡೇಟ್ ಎಲ್ಲವನ್ನೂ ಬೆಳಿಗ್ಗೆಯೇ ನಿಲ್ಲಿಸುತ್ತೇನೆ. ಡೇಟಾ ಬರಲಿಲ್ಲವೆಂದು ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ ತೆಗೆಯುವುದನ್ನು ಅನೇಕರು ಮಾಡುತ್ತಾರೆ. ಸಂದಣಿಯಲ್ಲಿ ಹಾಗೆ ಮಾಡಿದರೆ ಸಿಕ್ಕಿದ್ದ ಸಂಪರ್ಕವನ್ನೂ ಬಿಟ್ಟುಕೊಟ್ಟು ಸಾಲಿನ ಕೊನೆಗೆ ಹೋಗಿ ನಿಂತಂತೆ.

ನಿಜವಾಗಿ ನಾನು ನಂಬುವುದು ತಂತಿಯನ್ನು. ಮೆರವಣಿಗೆಯ ದಾರಿಗೆ ಹತ್ತಿರದ ಅಂಗಡಿಯೊಂದರಲ್ಲಿ ಫೈಬರ್ ಬ್ರಾಡ್‌ಬ್ಯಾಂಡ್ ಇದೆ. ಮಾಲೀಕರು ಪರಿಚಯದವರು, ಹಬ್ಬಕ್ಕೆ ವಾರ ಮೊದಲೇ ಹೋಗಿ ಕೇಳಿಕೊಳ್ಳುತ್ತೇನೆ. ಲ್ಯಾಪ್‌ಟಾಪನ್ನು ವೈಫೈಗೆ ಸೇರಿಸದೆ ಅವರ ರೂಟರಿಗೆ ನೇರವಾಗಿ ಕೇಬಲ್ ಹಾಕುತ್ತೇನೆ, ಏಕೆಂದರೆ ಸುತ್ತಲಿನ ನೂರಾರು ಫೋನುಗಳ ಹಾಟ್‌ಸ್ಪಾಟ್‌ಗಳಿಂದ ವೈಫೈ ಕೂಡ ಅಂದು ಕಲಸಿಹೋಗಿರುತ್ತದೆ. ಅಂಬಾರಿ ನನ್ನ ಮುಂದೆ ಹಾದುಹೋದ ಕೂಡಲೇ ಚಿಕ್ಕ ಕಡತಗಳ ಕಾರ್ಡನ್ನು ತೆಗೆದು, ಅದಕ್ಕೆಂದೇ ಹೊಲಿಸಿದ ಸಣ್ಣ ಬಟ್ಟೆಚೀಲಕ್ಕೆ ಹಾಕಿ, ಜೊತೆಗಿರುವ ಹುಡುಗನ ಕೈಗೆ ಕೊಡುತ್ತೇನೆ. ಬ್ಯಾರಿಕೇಡಿನ ಹೊರಗಿನ ಓಣಿಗಳಲ್ಲಿ ಅವನು ನಡೆದು ಅಂಗಡಿ ಮುಟ್ಟುವಷ್ಟರಲ್ಲಿ, ಮೊಬೈಲಿನಲ್ಲಿ ಒಂದು ಚಿತ್ರವೂ ಪೂರ್ತಿ ಏರಿರುವುದಿಲ್ಲ. ಪತ್ರಿಕೆಯ ಡೆಸ್ಕಿನವರಿಗೆ ನಾನು ಎಸ್‌ಎಂಎಸ್ ಮಾತ್ರ ಕಳುಹಿಸುತ್ತೇನೆ. ಅದಕ್ಕೆ ಬೇಕಾದ ಜಾಗ ಅತ್ಯಲ್ಪ, ಡೇಟಾ ನಿಂತಾಗಲೂ ಅದು ಹೆಚ್ಚಾಗಿ ತಲುಪುತ್ತದೆ. ಆದರೆ ಕನ್ನಡದಲ್ಲಿ ಒಂದು ಸಂದೇಶಕ್ಕೆ ಸಿಗುವುದು 70 ಸ್ಥಾನ, ಕಾಗುಣಿತ ಮತ್ತು ಒತ್ತುಗಳೂ ಅದರಲ್ಲಿ ಎಣಿಕೆಯಾಗಿ 'ಚಾಮುಂಡೇಶ್ವರಿ'ಗೇ 12 ಹೋಗುತ್ತವೆ, ಆದ್ದರಿಂದ ಚಿತ್ರಗಳಿಗೆ ಮೊದಲೇ ಸಂಖ್ಯೆ ಕೊಟ್ಟುಕೊಂಡು ಆ ಸಂಖ್ಯೆಯನ್ನಷ್ಟೇ ಬರೆಯುತ್ತೇವೆ.

ಮಕ್ಕಳನ್ನು ಕರೆದುಕೊಂಡು ಬರುವ ಕುಟುಂಬಗಳಿಗೂ ಇಲ್ಲಿ ಒಂದು ಮಾತು ಹೇಳಬೇಕೆನಿಸುತ್ತದೆ. ತಪ್ಪಿಸಿಕೊಂಡರೆ ವಾಟ್ಸ್‌ಆ್ಯಪ್‌ನಲ್ಲಿ ಲೊಕೇಶನ್ ಕಳುಹಿಸಿಕೊಳ್ಳೋಣ ಎಂದುಕೊಂಡು ಬರಬೇಡಿ. ಎಲ್ಲಿ ಸೇರಬೇಕೆಂದು ಮನೆಯಲ್ಲೇ ಒಂದು ಜಾಗ ಗೊತ್ತುಮಾಡಿ, ಮಗುವಿನ ಜೇಬಿನಲ್ಲಿ ಫೋನ್ ನಂಬರು ಬರೆದ ಚೀಟಿ ಇಡಿ. ವ್ಯಾಪಾರಿಗಳು ಫೋನಿನಲ್ಲಿ ದುಡ್ಡು ಬರುವುದನ್ನೇ ನಂಬದೆ ಚಿಲ್ಲರೆ ಇಟ್ಟುಕೊಳ್ಳುವುದೇ ಒಳ್ಳೆಯದು.

ಹಬ್ಬದ ದಿನಗಳಲ್ಲಿ ಗಾಡಿಯ ಮೇಲಿನ ತಾತ್ಕಾಲಿಕ ಟವರುಗಳನ್ನು ತಂದು ನಿಲ್ಲಿಸುವ ವಿಧಾನವೂ ಇದೆ, ಅದರಿಂದ ಅನುಕೂಲವೂ ಆಗುತ್ತದೆ. ಆದರೆ ಜಂಬೂ ಸವಾರಿಯ ದಾರಿ ಮತ್ತು ತಿಂಗಳು ಎರಡೂ ಮೊದಲೇ ಗೊತ್ತಿರುವಂಥವು. ಆ ದಾರಿಯ ದೀಪದ ಕಂಬಗಳ ಮೇಲೆ ಕಡಿಮೆ ವ್ಯಾಪ್ತಿಯ ಸಣ್ಣ ಸೆಲ್‌ಗಳನ್ನು ಶಾಶ್ವತವಾಗಿ ಕೂರಿಸಿ ಫೈಬರ್ ಎಳೆದರೆ, ಒಂದೊಂದು ಸೆಲ್ಲಿನ ಪಾಲಿಗೂ ಬರುವ ಜನರ ಸಂಖ್ಯೆ ಇಳಿಯುತ್ತದೆ, ವರ್ಷದ ಉಳಿದ ದಿನಗಳಲ್ಲಿ ಮಾರುಕಟ್ಟೆಯ ವ್ಯಾಪಾರಿಗಳಿಗೂ ಅದು ಒದಗುತ್ತದೆ. ಬನ್ನಿಮಂಟಪದ ಪಂಜಿನ ಕವಾಯತು ಮೈದಾನದಲ್ಲಿ ಪತ್ರಕರ್ತರು ಕೂರುವ ಕಡೆಗೆ ಒಂದು ತಂತಿ ಸಂಪರ್ಕ, ಅದಕ್ಕೆ ನಾಲ್ಕಾರು ಪೋರ್ಟುಗಳು ಸಿಕ್ಕರೆ ಸಾಕು, ನನ್ನಂಥವರು ರಾತ್ರಿ ಕತ್ತಲಲ್ಲಿ ಕಾರ್ಡು ಹಿಡಿದು ಗೇಟಿನಾಚೆಗೆ ಓಡುವುದು ತಪ್ಪುತ್ತದೆ.